ಸಕ್ಕರೆ ಕಾಯಿಲೆಗೆ ನಾರಿನ ಪುಡಿ: ಕೊಳ್ಳುವ ಮುನ್ನ ತಿಳಿಯಬೇಕಾದುದು



ಕಳೆದ ಕೆಲವು ತಿಂಗಳುಗಳಿಂದ ನಮ್ಮ ಸಂಘದ ಕಛೇರಿಗೆ ಬರುವ ಸದಸ್ಯರು ಮೈಲುತುತ್ತದ ದರ, ಗೊಬ್ಬರದ ದಾಸ್ತಾನು, ಅಡಿಕೆಯ ಧಾರಣೆ ಇವುಗಳ ಜೊತೆಗೆ ಹೊಸದೊಂದು ಪ್ರಶ್ನೆಯನ್ನೂ ಕೇಳತೊಡಗಿದ್ದಾರೆ. ರಕ್ತದ ಸಕ್ಕರೆಯನ್ನೂ ಕೊಲೆಸ್ಟರಾಲನ್ನೂ ಇಳಿಸುತ್ತದೆಂದು ಹೇಳುವ ನಾರಿನ ಪುಡಿಯ ಡಬ್ಬಿಗಳು ಪೇಟೆಯಲ್ಲಿ ದುಬಾರಿ ಬೆಲೆಗೆ ಸಿಗುತ್ತಿವೆ. ಅವನ್ನು ಸಂಘದ ಮಾರಾಟ ಮಳಿಗೆಯಲ್ಲಿ ತರಿಸಿ ಸದಸ್ಯರಿಗೆ ರಿಯಾಯಿತಿಯಲ್ಲಿ ಕೊಡಬಾರದೇಕೆ ಎಂಬುದು ಆ ಪ್ರಶ್ನೆ. ಕೇಳಿದವರು ಒಬ್ಬಿಬ್ಬರಲ್ಲ. ಐವತ್ತು ದಾಟಿದ ಸದಸ್ಯರು ಒಂದೆಡೆ ಸೇರಿದರೆ ಮಾತು ಮಳೆಯಿಂದ ಶುರುವಾಗಿ ಮಾತ್ರೆಯಲ್ಲಿ ಮುಗಿಯುವ ಕಾಲ ಇದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆಯವರು ಸುಮಾರು 10 ಕೋಟಿ 10 ಲಕ್ಷ. ಅದರ ಹೊಸ್ತಿಲಲ್ಲಿ ನಿಂತವರು ಇನ್ನೂ 13 ಕೋಟಿ 60 ಲಕ್ಷ.

ಈ ವಿಷಯವನ್ನು ನಾವು ಹಗುರವಾಗಿ ತೆಗೆದುಕೊಳ್ಳದಿರಲು ಇನ್ನೊಂದು ಕಾರಣವೂ ಇದೆ. ನಮ್ಮ ಸದಸ್ಯರೊಬ್ಬರು ಇಂಥದೇ ಪುಡಿಯನ್ನು ನಂಬಿ ವೈದ್ಯರು ಕೊಟ್ಟ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಿದರು. ಮಳೆಗಾಲದಲ್ಲಿ ತೋಟದಲ್ಲಿ ಓಡಾಡುವಾಗ ಕಾಲಿಗೆ ಚುಚ್ಚಿದ ಮುಳ್ಳಿನ ಗಾಯ ತಿಂಗಳಾದರೂ ಮಾಯಲಿಲ್ಲ. ಕೊನೆಗೆ ಆಸ್ಪತ್ರೆ ಸೇರಿ ಒಂದು ಬೆರಳನ್ನು ಕಳೆದುಕೊಂಡು ಬಂದರು. ಪುಡಿ ವಿಷವೇನೂ ಆಗಿರಲಿಲ್ಲ. ಅದು ಮಾಡಲಾಗದ ಕೆಲಸವನ್ನು ಅದರಿಂದ ನಿರೀಕ್ಷಿಸಿದ್ದೇ ತೊಂದರೆಗೆ ಮೂಲ. ಆದುದರಿಂದ ನಾರು ಏನು ಮಾಡುತ್ತದೆ, ಏನು ಮಾಡುವುದಿಲ್ಲ, ಡಬ್ಬಿಯ ನಾರಿಗೂ ಊಟದ ನಾರಿಗೂ ಏನು ವ್ಯತ್ಯಾಸ ಎಂಬುದನ್ನು ತಿಳಿದ ಮಟ್ಟಿಗೆ ಇಲ್ಲಿ ಬರೆದಿದ್ದೇವೆ.

ನಾರು ಹೊಟ್ಟೆಯಲ್ಲಿ ಮಾಡುವ ಕೆಲಸ

ನಾವು ತಿನ್ನುವ ಸಸ್ಯಾಹಾರದಲ್ಲಿ ನಮ್ಮ ಸಣ್ಣ ಕರುಳು ಜೀರ್ಣಿಸಲಾರದ ಭಾಗವೇ ಆಹಾರದ ನಾರು. ಇದರಲ್ಲಿ ಎರಡು ಬಗೆ. ನೀರಿನಲ್ಲಿ ಕರಗದ ನಾರು ಒಂದು. ಗೋಧಿಯ ತೌಡು, ಕಾಳಿನ ಸಿಪ್ಪೆ, ಸೊಪ್ಪಿನ ದಂಟು ಈ ಜಾತಿಯವು. ಮಲಬದ್ಧತೆಗೆ ಇದು ಒಳ್ಳೆಯದು. ಇನ್ನೊಂದು ನೀರಿನಲ್ಲಿ ಕರಗುವ ನಾರು. ಇದರಲ್ಲಿಯೂ ಕೆಲವು ನೀರು ಕುಡಿದು ಲೋಳೆಯಾಗುತ್ತವೆ, ಕೆಲವು ಸಕ್ಕರೆಯಂತೆ ಕರಗಿ ತೆಳ್ಳಗೇ ಉಳಿಯುತ್ತವೆ. ಈ ಕೊನೆಯ ಭೇದವನ್ನು ಸದಸ್ಯರು ನೆನಪಿಡಬೇಕು. ಮುಂದಿನ ವಿಚಾರವೆಲ್ಲ ಇದರ ಮೇಲೆಯೇ ನಿಂತಿದೆ.

ತೋಟದ ಉದಾಹರಣೆ ಕೊಡುವುದಾದರೆ, ಬರಿಯ ಇಳಿಜಾರಿನ ಮೇಲೆ ಬಿದ್ದ ಮಳೆ ಒಮ್ಮೆಲೇ ಹಳ್ಳಕ್ಕೆ ನುಗ್ಗುತ್ತದೆ. ತರಗೆಲೆಯ ಹೊದಿಕೆ ಇದ್ದರೆ ಅದೇ ಮಳೆ ನಿಧಾನವಾಗಿ ಇಳಿಯುತ್ತದೆ. ಲೋಳೆಯ ನಾರು ಕರುಳಿನಲ್ಲಿ ಈ ಹೊದಿಕೆಯ ಕೆಲಸ ಮಾಡುತ್ತದೆ. ಊಟದ ಪಿಷ್ಟ ಸಕ್ಕರೆಯಾಗಿ ರಕ್ತಕ್ಕೆ ಸೇರುವುದನ್ನು ಅದು ತಡೆಯುವುದಿಲ್ಲ, ನಿಧಾನಗೊಳಿಸುತ್ತದೆ. ಮಳೆಯ ಪ್ರಮಾಣವೇ ಅತಿಯಾದರೆ ಹೊದಿಕೆಯೂ ಕೊಚ್ಚಿಹೋಗುವಂತೆ, ತಟ್ಟೆಯ ತುಂಬ ಅನ್ನ ಬಡಿಸಿಕೊಂಡು ಒಂದು ಚಮಚೆ ನಾರು ಕುಡಿದರೆ ಹೆಚ್ಚಿನ ಫಲ ಸಿಗದು.

ಕೊಲೆಸ್ಟರಾಲಿನ ವಿಚಾರ ಸ್ವಲ್ಪ ಬೇರೆ. ಕೊಬ್ಬನ್ನು ಅರಗಿಸಲು ಪಿತ್ತಜನಕಾಂಗವು ಕೊಲೆಸ್ಟರಾಲಿನಿಂದ ಪಿತ್ತರಸವನ್ನು ತಯಾರಿಸಿ ಕರುಳಿಗೆ ಬಿಡುತ್ತದೆ. ಕೆಲಸ ಮುಗಿದ ಮೇಲೆ ಅದರ ಬಹುಭಾಗ ಮತ್ತೆ ಹೀರಲ್ಪಟ್ಟು ಹಿಂದಿರುಗುತ್ತದೆ. ಲೋಳೆಯ ನಾರು ಇದರಲ್ಲಿ ಒಂದಂಶವನ್ನು ಹಿಡಿದು ಮಲದೊಂದಿಗೆ ಹೊರಗೆ ಹಾಕುತ್ತದೆ. ಕೊರತೆ ತುಂಬಲು ಪಿತ್ತಜನಕಾಂಗವು ರಕ್ತದಿಂದ ಇನ್ನಷ್ಟು ಕೊಲೆಸ್ಟರಾಲನ್ನು ಎಳೆದುಕೊಳ್ಳುತ್ತದೆ. ಹೀಗೆ ರಕ್ತದಲ್ಲಿನ ಕೆಟ್ಟ ಕೊಲೆಸ್ಟರಾಲು ಸ್ವಲ್ಪ ಇಳಿಯುತ್ತದೆ.

ಗೋರಿಕಾಯಿ ಬೀಜದ ಪಾಠ

ಲೋಳೆಯ ಮಹತ್ವವನ್ನು ತೋರಿಸಿಕೊಟ್ಟ ಪ್ರಯೋಗದ ವಸ್ತು ನಮಗೆ ಪರಕೀಯವಲ್ಲ. ನಾವು ಗೋರಿಕಾಯಿ ಎಂದೂ, ಉತ್ತರ ಕರ್ನಾಟಕದವರು ಚವಳಿಕಾಯಿ ಎಂದೂ ಕರೆಯುವ ತರಕಾರಿಯ ಬಲಿತ ಬೀಜದಿಂದ ತೆಗೆಯುವ ಗೋಂದು ಅದು. ಗೌರ್ ಗೋಂದು ಎಂದು ಇದಕ್ಕೆ ವ್ಯಾಪಾರದ ಹೆಸರು. ಜಗತ್ತಿನ ಬಹುಪಾಲು ಉತ್ಪನ್ನ ನಮ್ಮ ದೇಶದ್ದೇ, ಅದರಲ್ಲೂ ರಾಜಸ್ಥಾನದ್ದು. ಅಮೆರಿಕದ ತೈಲ ಬಾವಿಗಳಿಗೆ ಈ ಗೋಂದು ಬೇಕಾಗಿ 2011–12ರಲ್ಲಿ ಬೀಜದ ಧಾರಣೆ ಆಕಾಶಕ್ಕೇರಿ ಮತ್ತೆ ನೆಲಕ್ಕೆ ಬಿದ್ದುದನ್ನು ಮಾರುಕಟ್ಟೆ ವರದಿ ಓದುವ ಸದಸ್ಯರು ಮರೆತಿರಲಾರರು.

ಡೇವಿಡ್ ಜೆಂಕಿನ್ಸ್ ಎಂಬ ವೈದ್ಯ ವಿಜ್ಞಾನಿ ಮತ್ತು ಅವರ ಸಂಗಡಿಗರು 1978ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಗ್ಲೂಕೋಸ್ ಪಾನೀಯದ ಜೊತೆ ಬೇರೆ ಬೇರೆ ನಾರುಗಳನ್ನು ಬೆರೆಸಿ ಕುಡಿಸಿ ರಕ್ತದ ಸಕ್ಕರೆಯ ಏರಿಕೆಯನ್ನು ಅಳೆದರು. ಯಾವ ನಾರು ಹೆಚ್ಚು ಗಟ್ಟಿ ಲೋಳೆಯಾಗುತ್ತದೆಯೋ ಅದು ಏರಿಕೆಯನ್ನು ಹೆಚ್ಚು ತಗ್ಗಿಸಿತು. ಗೌರ್ ಗೋಂದೇ ಎಲ್ಲಕ್ಕಿಂತ ಮುಂದಿತ್ತು. ಆದರೆ ಅದೇ ಗೋಂದನ್ನು ಒಡೆದು ತೆಳ್ಳಗೆ ಮಾಡಿ ಕುಡಿಸಿದಾಗ ಆ ಗುಣ ಇಲ್ಲವಾಯಿತು. ಇದೇ ಜೆಂಕಿನ್ಸರು 1981ರಲ್ಲಿ, ಯಾವ ಆಹಾರ ರಕ್ತದ ಸಕ್ಕರೆಯನ್ನು ಎಷ್ಟು ಬೇಗ ಏರಿಸುತ್ತದೆ ಎಂಬುದಕ್ಕೆ ಸೂಚ್ಯಂಕವನ್ನು ಕೊಟ್ಟವರು.

ಈಗ ಡಬ್ಬಿಯ ಕಡೆ ನೋಡೋಣ. ಲೋಳೆಯಾಗುವ ಪುಡಿಯನ್ನು ಕುಡಿಯುವುದು ಕಷ್ಟ, ಗಂಟಲಿಗೆ ಅಂಟುತ್ತದೆ. ಆದ್ದರಿಂದ ತಯಾರಕರು ಗೋಂದನ್ನು ಕಿಣ್ವಗಳಿಂದ ಭಾಗಶಃ ಒಡೆದು, ನೀರಿನಲ್ಲಿ ಹಾಕಿದೊಡನೆ ಕರಗಿ ಕಣ್ಮರೆಯಾಗುವಂತೆ ಮಾಡುತ್ತಾರೆ. ರುಚಿ ಇಲ್ಲ, ಅಂಟಿಲ್ಲ, ಚಹಾಕ್ಕೂ ಹಾಕಬಹುದು. ಹೊಟ್ಟೆ ಹಸನಾಗಲು ಇದು ಉಪಯುಕ್ತವೇ ಸರಿ. ಆದರೆ ಅನುಕೂಲಕ್ಕಾಗಿ ಲೋಳೆಯನ್ನು ತೆಗೆದಾಗ, ಸಕ್ಕರೆ ಮತ್ತು ಕೊಲೆಸ್ಟರಾಲಿನ ಮೇಲಿನ ಹಿಡಿತವೂ ಬಹುಮಟ್ಟಿಗೆ ಸಡಿಲವಾಗುತ್ತದೆ.

ಮಾರ್ಪಡಿಸಿದ ನಾರುಗಳೆಲ್ಲ ಒಂದೇ ಅಲ್ಲ

ಹಾಗೆಂದು ಕಾರ್ಖಾನೆಯಲ್ಲಿ ಮಾರ್ಪಡಿಸಿದ ನಾರೆಲ್ಲ ನಿಷ್ಪ್ರಯೋಜಕವೆಂದು ತಳ್ಳಿಹಾಕುವುದೂ ನ್ಯಾಯವಲ್ಲ. ಮರದ ತಿರುಳಿನ ಸೆಲ್ಯುಲೋಸನ್ನು ಮಾರ್ಪಡಿಸಿ ಲೋಳೆಯಾಗುವಂತೆ ಮಾಡಿದ ನಾರು ಕೊಲೆಸ್ಟರಾಲನ್ನು ಇಳಿಸುತ್ತದೆಂದು ಪರೀಕ್ಷೆಗಳಲ್ಲಿ ಕಂಡಿದೆ. ಜೀರ್ಣವಾಗದಂತೆ ಬದಲಿಸಿದ ಪಿಷ್ಟವನ್ನು ಮೈದಾದ ಒಂದು ಪಾಲಿಗೆ ಬದಲಾಗಿ ಬಳಸಿದರೆ, ಅಷ್ಟರ ಮಟ್ಟಿಗೆ ಸಕ್ಕರೆ ಕಡಿಮೆ ಏರುತ್ತದೆ. ಆದರೆ ಅದು ಮೈದಾ ಕಡಿಮೆಯಾದುದರ ಫಲ. ಮೈದಾವನ್ನೂ ಪೂರ್ತಿ ತಿಂದು ಮೇಲೆ ಪುಡಿ ಕುಡಿದರೆ ಆ ಲಾಭವಿಲ್ಲ.

ಅಮೆರಿಕದ ಆಹಾರ ಮತ್ತು ಔಷಧ ಇಲಾಖೆಯು 2016ರಲ್ಲಿ ಒಂದು ನಿಯಮ ಮಾಡಿತು. ಬೇರ್ಪಡಿಸಿದ ಅಥವಾ ಕೃತಕವಾಗಿ ತಯಾರಿಸಿದ ವಸ್ತುವನ್ನು ಡಬ್ಬಿಯ ಮೇಲೆ ನಾರು ಎಂದು ಬರೆಯಬೇಕಾದರೆ ದೇಹಕ್ಕೆ ಅದರಿಂದ ಏನಾದರೊಂದು ಪ್ರಯೋಜನವಿದೆ ಎಂಬುದಕ್ಕೆ ಆಧಾರವಿರಬೇಕು. ಇನುಲಿನ್ ಎಂಬ ನಾರನ್ನು 2018ರಲ್ಲಿ ಪಟ್ಟಿಗೆ ಸೇರಿಸುವಾಗ ಎತ್ತಿಹಿಡಿದ ಪ್ರಯೋಜನವೆಂದರೆ ಕ್ಯಾಲ್ಸಿಯಂ ಹೀರಿಕೆ. ರಕ್ತದ ಸಕ್ಕರೆ ಅಲ್ಲ. ಅಂದರೆ ಡಬ್ಬಿಯ ಮೇಲೆ ನಾರು ಎಂದಿದ್ದ ಮಾತ್ರಕ್ಕೆ ಅದು ಸಕ್ಕರೆ ಕಾಯಿಲೆಗೆ ಆಗುವುದೆಂದು ಅರ್ಥವಲ್ಲ.

ಇನುಲಿನ್ ವಿಷಯ ಬಂದುದರಿಂದ ಕಾಫಿ ಬೆಳೆಗಾರರಾದ ನಾವು ಒಂದು ಮಾತು ಸೇರಿಸಬೇಕು. ಕಾಫಿಗೆ ಬೆರೆಸುವ ಚಿಕೋರಿಯ ಬೇರಿನಲ್ಲಿ ಈ ನಾರು ಹೇರಳವಾಗಿದೆ. ಇದನ್ನೇ ನೆಪವಾಗಿಟ್ಟುಕೊಂಡು ಚಿಕೋರಿ ಬೆರೆತ ಕಾಫಿ ಸಕ್ಕರೆ ಕಾಯಿಲೆಗೆ ಮದ್ದು ಎಂಬ ಮಾತು ಹರಡಿದೆ. ಹುರಿಯುವಾಗ ಇನುಲಿನ್ನಿನ ಒಂದು ಭಾಗ ಒಡೆದುಹೋಗುತ್ತದೆ. ಉಳಿದದ್ದು ಲೋಳೆಯಾಗುವ ಜಾತಿಯದಲ್ಲ. ಒಂದು ಲೋಟಕ್ಕೆ ಬೀಳುವ ಪ್ರಮಾಣವೂ ಅಲ್ಪ. ಕೊಲೆಸ್ಟರಾಲು ಹೆಚ್ಚಿರುವವರು ತಿಳಿಯಬೇಕಾದ ಸಂಗತಿ ಬೇರೆಯಿದೆ: ಸೋಸದೆ ಕುದಿಸಿ ಕುಡಿಯುವ ಕಾಫಿಯಲ್ಲಿನ ಎಣ್ಣೆಯ ಅಂಶ ಕೊಲೆಸ್ಟರಾಲನ್ನು ಏರಿಸುತ್ತದೆ, ಕಾಗದದಲ್ಲಿ ಸೋಸಿದರೆ ಅದು ಬಹುಪಾಲು ಉಳಿದುಹೋಗುತ್ತದೆ. ಅಡಿಕೆಯಲ್ಲೂ ನಾರಿದೆಯಲ್ಲ ಎಂದು ಕೇಳಿದ ಸದಸ್ಯರಿಗೂ ಇಲ್ಲೇ ಉತ್ತರಿಸುತ್ತೇವೆ. ಜಗಿದು ಉಗುಳುವ ನಾರು ಆಹಾರದ ನಾರಲ್ಲ. ಅಡಿಕೆ ಬೆಳೆದು ಬದುಕುವ ನಾವು ಅದನ್ನು ಈ ಕಾಯಿಲೆಗೆ ಹಿತವೆಂದು ಹೇಳುವುದು ಸುಳ್ಳಾಗುತ್ತದೆ.

ಸಾಲಗುಂದದ ಸೀಮೆಯನ್ನು ನೋಡಿ

ಸಿಂಧನೂರು ತಾಲ್ಲೂಕಿನ ಸಾಲಗುಂದವನ್ನು ನಮ್ಮ ಸದಸ್ಯರಲ್ಲಿ ಬಹುಮಂದಿ ಕಂಡಿರಲಾರರು. ಆದರೆ ಆ ಸೀಮೆಯ ಅಕ್ಕಿಯನ್ನು ಉಂಡೇ ಇರುತ್ತಾರೆ. ಪೇಟೆಯಲ್ಲಿ ಸಿಂಧನೂರು ಸೋನಾ ಮಸೂರಿ ಎಂದು ನಾವು ಕೊಳ್ಳುವ ಅಕ್ಕಿ ಅಲ್ಲಿಯದು. ಮಲೆನಾಡಿನ ಗದ್ದೆಗಳು ಅಡಿಕೆ ತೋಟಗಳಾದಂತೆಲ್ಲ ನಮ್ಮ ಮನೆಗಳಿಗೆ ಬೆಳ್ಳಗೆ ಪಾಲಿಶ್ ಮಾಡಿದ ಅಕ್ಕಿ ಹೊರಗಿನಿಂದ ಬರತೊಡಗಿತು.

ಆ ಸೀಮೆ ಮೊದಲು ಅಕ್ಕಿಯದಾಗಿರಲಿಲ್ಲ. ಕಪ್ಪು ಎರೆ ನೆಲದಲ್ಲಿ ಹಿಂಗಾರಿ ಬಿಳಿಜೋಳ, ಹತ್ತಿ, ನವಣೆ, ಸಜ್ಜೆ ಬೆಳೆಯುತ್ತಿದ್ದ ನಾಡು ಅದು. ತುಂಗಭದ್ರೆಗೆ 1953ರಲ್ಲಿ ಅಣೆಕಟ್ಟು ಆಯಿತು. ಎಡದಂಡೆ ಕಾಲುವೆಯ ನೀರು ಬಂತು. ಕಾಲುವೆಯ ಯೋಜನೆಯಲ್ಲಿ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳಿಗೇ ಹೆಚ್ಚಿನ ಪಾಲಿದ್ದರೂ, ಆಂಧ್ರದಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದ ರೈತರು ಭತ್ತ ನಾಟಿ ಮಾಡಿದರು. ಸುತ್ತಲಿನವರೂ ಅದೇ ಹಾದಿ ಹಿಡಿದರು. ಇಂದು ಸಿಂಧನೂರಿಗೆ ಭತ್ತದ ಕಣಜವೆಂಬ ಹೆಸರಿದೆ. ಭತ್ತ ಆ ಸೀಮೆಗೆ ದುಡ್ಡು ತಂದಿತು, ನಿಜ. ಆದರೆ ಹೊಲದಲ್ಲಿ ಬೆಳೆ ಬದಲಾದರೆ ತಟ್ಟೆಯಲ್ಲಿ ಊಟವೂ ಬದಲಾಗುತ್ತದೆ. ಎರಡು ಹೊತ್ತು ರೊಟ್ಟಿ ಉಣ್ಣುತ್ತಿದ್ದ ಮನೆಗಳಲ್ಲಿ ಅನ್ನ ಮೇಲುಗೈಯಾಯಿತು.

ಲೆಕ್ಕ ಹಾಕಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕದಂತೆ 100 ಗ್ರಾಂ ಧಾನ್ಯದಲ್ಲಿ ನಾರು ಹೀಗಿದೆ: ಪಾಲಿಶ್ ಅಕ್ಕಿಯಲ್ಲಿ ಸುಮಾರು 3 ಗ್ರಾಂ, ಜೋಳದಲ್ಲಿ 10, ರಾಗಿಯಲ್ಲಿ 11, ಸಜ್ಜೆಯಲ್ಲಿ 11, ತೊಗರಿಬೇಳೆಯಲ್ಲಿ 9, ಸಿಪ್ಪೆ ಸಹಿತ ಕಡಲೆಯಲ್ಲಿ 25. ದಿನಕ್ಕೆ 300 ಗ್ರಾಂ ಅಕ್ಕಿ ಉಣ್ಣುವವರಿಗೆ ಅದರಿಂದ 9 ಗ್ರಾಂ ನಾರೂ ಸಿಗುವುದಿಲ್ಲ. ಅಷ್ಟೇ ಜೋಳ ಉಂಡವರಿಗೆ 30 ಗ್ರಾಂ ಸಿಗುತ್ತದೆ. ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಅದೂ ಆಹಾರದಲ್ಲಿ ಸಹಜವಾಗಿರುವ ನಾರು ಎಂದೇ ಸ್ಪಷ್ಟಪಡಿಸಿದೆ. ಅರ್ಧ ಅಕ್ಕಿ, ಅರ್ಧ ಜೋಳ ಮಾಡಿಕೊಂಡು ಅದಕ್ಕೆ 50 ಗ್ರಾಂ ಬೇಳೆ, ಒಂದು ಪಲ್ಯ ಸೇರಿಸಿದರೆ ಡಬ್ಬಿಯಿಲ್ಲದೆಯೇ ಈ ಲೆಕ್ಕ ಮುಟ್ಟುತ್ತದೆ.

ಇಲ್ಲಿಯೂ ಒಂದು ಎಚ್ಚರ ಬೇಕು. ಜೋಳ, ರಾಗಿಗಳ ನಾರು ಬಹುಪಾಲು ಕರಗದ ಜಾತಿಯದು. ನುಣ್ಣಗೆ ಬೀಸಿದ ಹಿಟ್ಟಿನ ಮುದ್ದೆ ಸಕ್ಕರೆಯನ್ನು ಬೇಗನೇ ಏರಿಸಬಲ್ಲದು. ರಾಗಿ ಮುದ್ದೆ ಎಷ್ಟು ಉಂಡರೂ ನಡೆಯುತ್ತದೆ ಎಂಬ ನಂಬಿಕೆ ಸರಿಯಲ್ಲ. ನುಚ್ಚಾಗಿ ಬೇಯಿಸಿದ ಧಾನ್ಯ, ಇಡೀ ಕಾಳು ಇವು ಹಿಟ್ಟಿಗಿಂತ ನಿಧಾನ.

ಆ ಸೀಮೆಯ ಊಟದ ನಿಜವಾದ ಶಕ್ತಿ ರೊಟ್ಟಿಯೊಂದರಲ್ಲಿಯೇ ಇಲ್ಲ, ರೊಟ್ಟಿಯ ಜೊತೆಗಿನದರಲ್ಲಿದೆ. ಪುಂಡಿಪಲ್ಯ, ಹಸಿ ಮೆಂತ್ಯದ ಸೊಪ್ಪು, ನೆನೆಸಿದ ಹೆಸರುಕಾಳು, ಮಡಿಕೆಕಾಳು, ಚವಳಿಕಾಯಿ ಪಲ್ಯ, ಅಗಸಿ ಚಟ್ನಿಪುಡಿ. ಇವುಗಳಲ್ಲಿ ಅಗಸಿಬೀಜವನ್ನು ನೀರಿನಲ್ಲಿ ನೆನೆಸಿ ನೋಡಿ, ಲೋಳೆ ಎಂದರೇನೆಂದು ಕಣ್ಣಿಗೇ ಕಾಣುತ್ತದೆ. ಎಳೆಯ ಚವಳಿಕಾಯಿಯಲ್ಲಿ ಬೀಜ ಬಲಿತಿರುವುದಿಲ್ಲವಾದ್ದರಿಂದ ಗೋಂದು ಕಡಿಮೆ. ಅದು ಒಳ್ಳೆಯ ತರಕಾರಿ, ಔಷಧವಲ್ಲ. ಕಾಫಿ ಕೊಯ್ಲಿಗೆ ರಾಯಚೂರು, ಕೊಪ್ಪಳದ ಕಡೆಯಿಂದ ನಮ್ಮ ತೋಟಗಳಿಗೆ ಬರುವ ಕೆಲಸಗಾರರು ಗಂಟಿನಲ್ಲಿ ತರುವ ಒಣರೊಟ್ಟಿ, ಚಟ್ನಿಪುಡಿಯನ್ನು ನಾವು ಬಡವರ ಊಟವೆಂದು ನೋಡಿದ್ದುಂಟು. ಅದರ ಬೆಲೆ ಈಗ ನಮಗೆ ತಿಳಿಯುತ್ತಿದೆ.

ಅಡುಗೆಮನೆಯ ಲೋಳೆ, ತೋಟದ ನಾರು

ಪರೀಕ್ಷೆಗೆ ನಿಂತ ಲೋಳೆಯ ನಾರುಗಳಲ್ಲಿ ಎರಡು ನಮ್ಮ ಕೈಗೆ ಸುಲಭವಾಗಿ ಸಿಗುತ್ತವೆ.

ಮೊದಲನೆಯದು ಮೆಂತ್ಯ. ಇದರ ಕಾಳಿನ ಸುಮಾರು ಅರ್ಧ ತೂಕ ನಾರೇ. ಗೋರಿಕಾಯಿ ಬೀಜದ ಗೋಂದಿನ ಜಾತಿಯ ಲೋಳೆಯೂ ಅದರಲ್ಲಿದೆ. ಹೈದರಾಬಾದಿನ ಅದೇ ಸಂಸ್ಥೆಯ ಶರ್ಮ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇನ್ಸುಲಿನ್ ಪಡೆಯುತ್ತಿದ್ದ ರೋಗಿಗಳಿಗೆ ಎಣ್ಣೆ ತೆಗೆದ ಮೆಂತ್ಯದ ಪುಡಿಯನ್ನು ಹತ್ತು ದಿನ ಊಟದಲ್ಲಿ ಕೊಟ್ಟಾಗ ಮೂತ್ರದಲ್ಲಿ ಹೋಗುವ ಸಕ್ಕರೆ ಶೇಕಡಾ 54ರಷ್ಟು ತಗ್ಗಿತು, ಕೆಟ್ಟ ಕೊಲೆಸ್ಟರಾಲೂ ಇಳಿಯಿತು. ಆದರೆ ಕೊಟ್ಟ ಪ್ರಮಾಣ ದಿನಕ್ಕೆ 100 ಗ್ರಾಂ! ಮನೆಯಲ್ಲಿ ಅಷ್ಟು ಯಾರೂ ತಿನ್ನಲಾರರು. ಇಸ್ರೇಲಿನಲ್ಲಿ 1988ರಲ್ಲಿ ನಡೆದ ಪರೀಕ್ಷೆಯಲ್ಲಿ ನೆನೆಸಿದ 15 ಗ್ರಾಂ ಪುಡಿಯೂ ಊಟದ ನಂತರದ ಏರಿಕೆಯನ್ನು ತಗ್ಗಿಸಿತು. ಎರಡು ಮೂರು ಚಮಚೆ ನೆನೆಸಿದ ಮೆಂತ್ಯ ಆಗುವ ಮಾತು; ಫಲವೂ ಅದಕ್ಕೆ ತಕ್ಕಷ್ಟೇ.

ಎರಡನೆಯದು ಇಸಬಗೋಲಿನ ಸಿಪ್ಪೆ. ಗುಜರಾತ್, ರಾಜಸ್ಥಾನಗಳಲ್ಲಿ ಬೆಳೆಯುವ ಇದನ್ನು ಅಲ್ಲಿಂದ ವಿದೇಶಗಳೂ ಕೊಂಡೊಯ್ಯುತ್ತವೆ. ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯಂತೆ ದಿನಕ್ಕೆ ಸುಮಾರು 10 ಗ್ರಾಂ ಇಸಬಗೋಲು ಕೆಟ್ಟ ಕೊಲೆಸ್ಟರಾಲನ್ನು ಸರಾಸರಿ 13 ಮಿಲಿಗ್ರಾಂನಷ್ಟು ಇಳಿಸುತ್ತದೆ. 160 ಇದ್ದವರಿಗೆ 147 ಆಗಬಹುದು. ಇದು ಉಪಯೋಗವೇ, ಆದರೆ ಮಾತ್ರೆಗೆ ಬದಲಿಯಲ್ಲ ಎಂಬುದನ್ನು ಈ ಅಂಕಿಯೇ ಹೇಳುತ್ತದೆ. ಇದನ್ನು ಯಾರೂ ಒಡೆದು ತೆಳ್ಳಗೆ ಮಾಡಿಲ್ಲ. ಲೋಟದಲ್ಲಿ ಎರಡು ನಿಮಿಷ ಬಿಟ್ಟರೆ ಗಟ್ಟಿಯಾಗುತ್ತದೆ. ಕುಡಿಯಲು ಹಿತವಲ್ಲದ ಆ ಗುಣವೇ ಅದರ ಕೆಲಸದ ಗುಣ.

ಇನ್ನು ನಮ್ಮ ತೋಟಗಳ ವಿಚಾರ. ಕಾಫಿಗೆ ನೆರಳಾಗಿ ನಿಂತ ಹಲಸಿನಲ್ಲಿ ಅರ್ಧಕ್ಕರ್ಧ ಉದುರಿ ಕೊಳೆಯುತ್ತದೆ. ಆಂಧ್ರದ ಶ್ರೀಕಾಕುಳಂನಲ್ಲಿ 40 ರೋಗಿಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ 30 ಗ್ರಾಂ ಬಲಿತ ಹಲಸಿನಕಾಯಿ ಹಿಟ್ಟನ್ನು ಅಷ್ಟೇ ಅಕ್ಕಿ ಅಥವಾ ಗೋಧಿ ಹಿಟ್ಟಿಗೆ ಬದಲಾಗಿ 12 ವಾರ ಕೊಟ್ಟಾಗ ಮೂರು ತಿಂಗಳ ಸರಾಸರಿ ಸಕ್ಕರೆ ಇಳಿದಿತ್ತು. ಅಧ್ಯಯನ ಸಣ್ಣದು, ಹಣ್ಣಿಗೆ ಈ ಮಾತು ಅನ್ವಯಿಸದು. ಬಾಳೆದಿಂಡು, ಬಾಳೆಕಾಯಿ, ಕೆಸುವಿನ ದಂಟು, ಕಳಲೆ ಇವೆಲ್ಲ ಹಣ ಕೊಡದೆ ಸಿಗುವ ನಾರು. ಬಾಳೆಕಾಯಿಯ ಪಿಷ್ಟದಲ್ಲಿ ಜೀರ್ಣವಾಗದ ಭಾಗ ಹೆಚ್ಚಿದೆ. ಹಣ್ಣಾದಂತೆ ಅದು ಸಕ್ಕರೆಯಾಗುತ್ತದೆ.

ಸದಸ್ಯರು ಗಮನಿಸಬೇಕಾದ ಅಂಶಗಳು

1. ನಾರನ್ನು ಯಾವ ರೂಪದಲ್ಲಿ ಸೇವಿಸಿದರೂ ವೈದ್ಯರು ಹೇಳದೆ ಮಾತ್ರೆ, ಇನ್ಸುಲಿನ್ ನಿಲ್ಲಿಸಬಾರದು, ಕಡಿಮೆಯೂ ಮಾಡಬಾರದು. ಊಟದಲ್ಲಿ ದೊಡ್ಡ ಬದಲಾವಣೆ ಮಾಡುವವರು ಸಕ್ಕರೆ ತೀರಾ ಇಳಿಯದಂತೆ ಮೊದಲೇ ವೈದ್ಯರಿಗೆ ತಿಳಿಸಬೇಕು.

2. ಲೋಳೆಯ ಪುಡಿಯನ್ನು ಒಣದಾಗಿ ಬಾಯಿಗೆ ಹಾಕಿಕೊಳ್ಳಬಾರದು. ದೊಡ್ಡ ಲೋಟ ನೀರಿನಲ್ಲಿ ಕಲಸಿ ಕುಡಿದು, ಮೇಲೆ ಇನ್ನೊಂದು ಲೋಟ ನೀರು ಕುಡಿಯಬೇಕು. ತೂಕ ಇಳಿಸಲೆಂದು ಮಾರುತ್ತಿದ್ದ ಗೌರ್ ಗೋಂದಿನ ಮಾತ್ರೆಗಳು ಅನ್ನನಾಳದಲ್ಲಿ ಉಬ್ಬಿ ಸಿಕ್ಕಿಕೊಂಡ ಪ್ರಕರಣಗಳು ಅಮೆರಿಕದಲ್ಲಿ 1990ರ ಸುಮಾರಿಗೆ ನಡೆದು, ಅಲ್ಲಿನ ಸರಕಾರ ಕ್ರಮ ಕೈಗೊಳ್ಳಬೇಕಾಯಿತು. ನುಂಗಲು ತೊಂದರೆಯಿರುವವರು ಇದನ್ನು ಮುಟ್ಟಲೇಬಾರದು.

3. ಥೈರಾಯಿಡ್ ಮಾತ್ರೆ ಮುಂತಾದವನ್ನು ನಾರಿನ ಪುಡಿಯೊಂದಿಗೆ ಸೇವಿಸಿದರೆ ಔಷಧ ಸರಿಯಾಗಿ ಹೀರಲ್ಪಡದು. ಎಷ್ಟು ಹೊತ್ತಿನ ಅಂತರವಿರಬೇಕೆಂದು ವೈದ್ಯರನ್ನು ಕೇಳಿ.

4. ನಾರನ್ನು ಒಂದೇ ದಿನ ಹೆಚ್ಚಿಸಬೇಡಿ. ಹೊಟ್ಟೆ ಉಬ್ಬರ ಬರುತ್ತದೆ. ಎರಡು ಮೂರು ವಾರಗಳಲ್ಲಿ ಹಂತಹಂತವಾಗಿ ಏರಿಸಿ.

5. ಡಬ್ಬಿ ಕೊಳ್ಳುವವರು ಅದರ ಹಿಂಬದಿಯನ್ನು ಓದಬೇಕು. ಜೀರ್ಣವಾಗದ ಮಾಲ್ಟೋಡೆಕ್ಸ್‌ಟ್ರಿನ್ ಎಂಬುದು ನಾರು. ಬರಿಯ ಮಾಲ್ಟೋಡೆಕ್ಸ್‌ಟ್ರಿನ್ ಎಂದಿದ್ದರೆ ಅದು ಸಕ್ಕರೆಯಷ್ಟೇ ಬೇಗ ರಕ್ತಕ್ಕೆ ಸೇರುವ ಪಿಷ್ಟ. ಹೆಸರಿನಲ್ಲಿ ಒಂದೇ ಪದದ ವ್ಯತ್ಯಾಸ; ಪರಿಣಾಮ ಮಾತ್ರ ತದ್ವಿರುದ್ಧ.

6. ಒಂದು ಸುಲಭ ಪರೀಕ್ಷೆ: ಪುಡಿಯನ್ನು ಲೋಟದ ನೀರಿನಲ್ಲಿ ಕಲಸಿ ಹತ್ತು ನಿಮಿಷ ಬಿಡಿ. ಲೋಳೆಯಾದರೆ ಸಕ್ಕರೆ, ಕೊಲೆಸ್ಟರಾಲಿಗೆ ಸ್ವಲ್ಪ ನೆರವಾಗಬಹುದು. ನೀರು ನೀರಾಗಿಯೇ ಉಳಿದರೆ ಹೊಟ್ಟೆಗೆ ಹಿತವಾದೀತು, ಅದಕ್ಕಿಂತ ಹೆಚ್ಚು ನಿರೀಕ್ಷಿಸಬೇಡಿ.

ಸಂಘದ ಮುಂದಿರುವ ಪ್ರಸ್ತಾಪ

ಇವೆಲ್ಲವನ್ನೂ ಗಮನದಲ್ಲಿಟ್ಟು, ನಾರಿನ ಪುಡಿಯ ಡಬ್ಬಿಗಳನ್ನು ನಮ್ಮ ಮಳಿಗೆಯಲ್ಲಿ ಇಡುವುದು ಬೇಡವೆಂದು ಆಡಳಿತ ಮಂಡಳಿಗೆ ಸಲಹೆ ಮಾಡಿದ್ದೇವೆ. ಬದಲಾಗಿ ಇಸಬಗೋಲು, ಮೆಂತ್ಯ, ಅಗಸಿಬೀಜ, ಸಿಪ್ಪೆ ಸಹಿತ ಕಾಳುಗಳನ್ನು ಸಗಟು ದರದಲ್ಲಿ ತರಿಸುವುದು; ಹಿಂಗಾರಿ ಸುಗ್ಗಿಯ ಹೊತ್ತಿಗೆ ಸಿಂಧನೂರಿನ ಮಾರುಕಟ್ಟೆಯಿಂದ ಬಿಳಿಜೋಳವನ್ನು ಒಟ್ಟಾಗಿ ಕೊಂಡು ಬೇಕಾದವರಿಗೆ ನುಚ್ಚು ಮಾಡಿಸಿ ಕೊಡುವುದು ನಮ್ಮ ಪ್ರಸ್ತಾಪ. ಅಕ್ಕಿಯನ್ನು ಬಿಡಲಾಗದವರಿಗೆ ಪಾಲಿಶ್ ಕಡಿಮೆ ಮಾಡಿದ ಅಕ್ಕಿ ತರಿಸುವುದನ್ನೂ ಆಲೋಚಿಸಬಹುದು. ಆರ್‌ಎನ್‌ಆರ್ 15048 ಎಂಬ ಭತ್ತದ ತಳಿಯ ಅಕ್ಕಿ ಸಕ್ಕರೆಯನ್ನು ತುಸು ನಿಧಾನವಾಗಿ ಏರಿಸುತ್ತದೆಂದು ಪರೀಕ್ಷೆಗಳು ಹೇಳಿವೆ; ಆದರೆ ಅದೂ ಅಕ್ಕಿಯೇ, ಅಳತೆ ಮೀರಬಾರದು.

ಪ್ರತಿಯೊಬ್ಬ ಸದಸ್ಯರೂ ತಮ್ಮ ಮನೆಗೆ ತಿಂಗಳಿಗೆ ಎಷ್ಟು ಜೋಳ, ಎಷ್ಟು ಕಾಳು ಬೇಕಾಗಬಹುದೆಂದು ಮನೆಯವರೊಡನೆ ಕೂತು ಆಲೋಚಿಸಿ, ಒಂದು ಚೀಟಿಯಲ್ಲಿ ಬರೆದು ಕಛೇರಿಗೆ ತಲುಪಿಸಬೇಕಾಗಿ ಕೋರುತ್ತೇವೆ. ಮನೆಯವರೊಡನೆ ಎಂದು ಬೇಕೆಂದೇ ಬರೆದಿದ್ದೇವೆ. ಕಾಯಿಲೆ ಒಬ್ಬರಿಗೆ ಬಂದರೂ ಅಡುಗೆ ಎಲ್ಲರಿಗೂ ಒಂದೇ ಒಲೆಯ ಮೇಲೆ ಆಗುವುದು. ಮನೆಯಾಕೆ ಒಪ್ಪದ ಪಥ್ಯ ಮೂರು ದಿನಕ್ಕಿಂತ ಹೆಚ್ಚು ನಡೆಯುವುದಿಲ್ಲ. ಚೀಟಿಗಳ ಲೆಕ್ಕ ಸಿಕ್ಕಿದ ಕೂಡಲೇ ಖರೀದಿಯ ವಿಷಯವನ್ನು ಮಂಡಳಿಯ ಸಭೆಯಲ್ಲಿ ಮಂಡಿಸುತ್ತೇವೆ.

— ಕಾರ್ಯದರ್ಶಿ